ಮಗ್ಗದ ಕಾರ್ಡು, ಚಿತ್ರದ ದಾರಿ

ಕಳೆದ ವರ್ಷ ನಮ್ಮ ಶಾಲೆಯ ವಾರ್ಷಿಕೋತ್ಸವದಲ್ಲಿ ಒಂದು ಪಜೀತಿ ಆಯಿತು. ವೇದಿಕೆಯ ಪಕ್ಕ ದೊಡ್ಡ ಪರದೆ, ಒಂದು ಪ್ರೊಜೆಕ್ಟರ್. ಒಂದು ಕ್ಯಾಮೆರಾ, ಒಂದು ಲ್ಯಾಪ್‌ಟಾಪ್, ಎರಡನ್ನೂ ಸೇರಿಸಲು ಬಾಡಿಗೆಗೆ ತಂದ ಒಂದು ಸ್ವಿಚ್ ಪೆಟ್ಟಿಗೆ. ಏಳನೇ ತರಗತಿಯ ಮಕ್ಕಳ ನಾಟಕದಲ್ಲಿ ಮಳೆ ಬರುವ ದೃಶ್ಯ. ಲ್ಯಾಪ್‌ಟಾಪ್‌ನಿಂದ ಮಳೆಯ ಚಿತ್ರ ಬರಬೇಕು ಅಂತ ಗುಂಡಿ ಒತ್ತಿದರು. ಪರದೆ ಕಪ್ಪಾಯಿತು. ಒಂದು, ಎರಡು, ಮೂರು ಸೆಕೆಂಡು… ಆಮೇಲೆ ಚಿತ್ರ ಬಂತು, ಆದರೆ ಅಂಚೆಲ್ಲ ಕತ್ತರಿಸಿಹೋಗಿತ್ತು. ಅಷ್ಟರಲ್ಲಿ "ಮಳೆ ಬಂತು!" ಅಂತ ಕುಣಿಯಬೇಕಾದ ಹುಡುಗ ಸುಮ್ಮನೆ ನಿಂತಿದ್ದ.

ಮರುದಿನ ತರಗತಿಯಲ್ಲಿ ಒಬ್ಬಳು ಕೇಳಿದಳು: "ಟೀಚರ್, ವೈರ್ ಎಲ್ಲ ಸರಿಯಾಗೇ ಇತ್ತಲ್ಲ, ಆ ಮೂರು ಸೆಕೆಂಡು ಚಿತ್ರ ಎಲ್ಲಿಗೆ ಹೋಯ್ತು?"

ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಾಗಿದ್ದು ಬೇಸಿಗೆ ರಜೆಯಲ್ಲಿ, ಅದೂ ಒಂದು ಮಗ್ಗದ ಮುಂದೆ ಕೂತಾಗ.

ಸಿರುಮುಗೈಯ ಮಗ್ಗ

ತಮಿಳುನಾಡಿನ ಕೊಯಮತ್ತೂರು ಜಿಲ್ಲೆಯಲ್ಲಿ, ಮೇಟ್ಟುಪಾಳಯದ ಹತ್ತಿರ, ಭವಾನಿ ನದಿಯ ದಡದಲ್ಲಿ ಸಿರುಮುಗೈ ಅಂತ ಒಂದು ಊರಿದೆ. ರೇಷ್ಮೆ ಸೀರೆಗೆ ಹೆಸರಾದ ಊರು. ಕೊಯಮತ್ತೂರು ಸೀಮೆಯ ದೇವಾಂಗ ನೇಕಾರರ ಅನೇಕ ಮನೆಗಳಲ್ಲಿ ಇಂದಿಗೂ ಮನೆಮಾತು ಕನ್ನಡವೇ. ಬೀದಿಯಲ್ಲಿ ತಮಿಳು, ಹೊಸಿಲು ದಾಟಿದರೆ ಕನ್ನಡ. ನಮ್ಮ ಚಿಕ್ಕಪ್ಪನ ಮನೆಯೂ ಹಾಗೇ. ಚಿಕ್ಕಪ್ಪ ಕೈಮಗ್ಗದವರು. ಅವರ ಮಗ ಕೊಯಮತ್ತೂರಿನಲ್ಲಿ ವಿಡಿಯೋ ಸ್ವಿಚ್ ಪೆಟ್ಟಿಗೆಗಳಿಗೆ ಸಾಫ್ಟ್‌ವೇರ್ ಬರೆಯುವ ಕೆಲಸದಲ್ಲಿದ್ದಾನೆ.

ಮಗ್ಗ ನೋಡಿದ್ದೀರಾ? ಉದ್ದಕ್ಕೆ ಬಿಗಿದ ನೂಲು ಹಾಸು. ಲಾಳಿಯ ಜೊತೆ ಅಡ್ಡಡ್ಡ ಓಡುವ ನೂಲು ಹೊಕ್ಕು. ಹಾಸಿನ ಕೆಲವು ಎಳೆ ಮೇಲೆದ್ದಾಗ, ಅದರ ಕೆಳಗೆ ಲಾಳಿ ಹಾಯುತ್ತದೆ. ಯಾವ ಎಳೆ ಏಳಬೇಕು, ಯಾವುದು ಕೂರಬೇಕು ಅನ್ನೋದೇ ವಿನ್ಯಾಸ. ಅಂಚಿನಲ್ಲಿ ಮಾವಿನಕಾಯಿ ಬರಬೇಕೋ ನವಿಲು ಬರಬೇಕೋ, ಎಲ್ಲ ಅದರಲ್ಲೇ ತೀರ್ಮಾನ.

ಮಗ್ಗದ ತಲೆಯ ಮೇಲೆ ಜಕಾರ್ಡ್ ಪೆಟ್ಟಿಗೆ ಇರುತ್ತದೆ. ಫ್ರಾನ್ಸಿನ ಜೋಸೆಫ್ ಮರಿ ಜಕಾರ್ಡ್ 1804ರ ಸುಮಾರಿಗೆ ರೂಪಿಸಿದ ಯಂತ್ರದ ವಂಶ ಅದು. ತೂತು ಹೊಡೆದ ರಟ್ಟಿನ ಕಾರ್ಡುಗಳನ್ನು ಹಾರದಂತೆ ಪೋಣಿಸಿ ಅದಕ್ಕೆ ತೊಡಿಸಿರುತ್ತಾರೆ. ಒಂದು ಕಾರ್ಡು ಸೂಜಿಗಳ ಸಾಲಿಗೆ ಬಂದು ಒತ್ತಿಕೊಳ್ಳುತ್ತದೆ. ತೂತಿದ್ದ ಕಡೆ ಸೂಜಿ ಒಳಕ್ಕೆ ಹೋಗುತ್ತದೆ, ಅದರ ಕೊಕ್ಕೆ ತನ್ನ ಜಾಗದಲ್ಲೇ ನಿಲ್ಲುತ್ತದೆ. ತೂತಿಲ್ಲದ ಕಡೆ ರಟ್ಟು ಸೂಜಿಯನ್ನು ಹಿಂದಕ್ಕೆ ತಳ್ಳಿ ಕೊಕ್ಕೆಯನ್ನು ಸರಿಸಿಬಿಡುತ್ತದೆ. ಆಮೇಲೆ ಕಬ್ಬಿಣದ ಪಟ್ಟಿಗಳು ಒಟ್ಟಿಗೆ ಮೇಲೇಳುತ್ತವೆ. ಸರಿಯದೆ ನಿಂತ ಕೊಕ್ಕೆಗಳೆಲ್ಲ ತಮ್ಮ ಎಳೆಗಳನ್ನು ಹಿಡಿದು ಒಂದೇ ಸಲಕ್ಕೆ ಎದ್ದು ಬರುತ್ತವೆ.

"ವಿನ್ಯಾಸ ಬದಲಾಯಿಸಬೇಕಾದರೆ ಏನು ಮಾಡ್ತೀರಿ ಚಿಕ್ಕಪ್ಪ?" ಅಂತ ಕೇಳಿದೆ.

"ಮಗ್ಗ ಬಿಚ್ಚೋಕೆ ಆಗುತ್ತಾ ಮಗಳೇ? ಕಾರ್ಡು ಬದಲಾಯಿಸ್ತೀವಿ, ಅಷ್ಟೇ."

ಪಕ್ಕದಲ್ಲಿದ್ದ ತಮ್ಮ ನಕ್ಕ. "ಅಕ್ಕ, ನಾನು ಆಫೀಸಿನಲ್ಲಿ ಮಾಡೋದೂ ಇದೇ."

ಹಾಸು ಹೊಕ್ಕಿನ ಕೋಷ್ಟಕ

ಅವನು ಒಂದು ಹಾಳೆ ತೆಗೆದು ಉದ್ದಕ್ಕೆ ನಾಲ್ಕು ಗೆರೆ, ಅಡ್ಡಕ್ಕೆ ನಾಲ್ಕು ಗೆರೆ ಎಳೆದ. ಉದ್ದದ ಗೆರೆಗಳು ಚಿತ್ರ ಒಳಬರುವ ದಾರಿ, ಅಂದರೆ ಕ್ಯಾಮೆರಾಗಳು. ಅಡ್ಡಗೆರೆಗಳು ಚಿತ್ರ ಹೊರಹೋಗುವ ದಾರಿ, ಅಂದರೆ ಪರದೆಗಳು. ಗೆರೆಗಳು ಒಂದನ್ನೊಂದು ದಾಟುವ ಜಾಗ ಒಟ್ಟು 16. ಪ್ರತಿ ಜಾಗದಲ್ಲೂ ಒಂದು ಪುಟ್ಟ ಎಲೆಕ್ಟ್ರಾನಿಕ್ ಸ್ವಿಚ್ಚು. ಇದನ್ನು ಕ್ರಾಸ್‌ಪಾಯಿಂಟ್ ಅನ್ನುತ್ತಾರೆ. ಮೂರನೇ ಕ್ಯಾಮೆರಾ ಮೊದಲನೇ ಪರದೆಗೆ ಹೋಗಬೇಕಾದರೆ, ಅವೆರಡು ಗೆರೆ ಕೂಡುವ ಕಡೆ ಸ್ವಿಚ್ಚು ಹಾಕಿದರಾಯಿತು. ಇಡೀ ಜಾಲವೇ ಒಂದು ಚಿಪ್ಪಿನೊಳಗೆ ಇರುತ್ತದೆ.

ಇಲ್ಲಿ ಒಂದು ನಿಯಮ ಇದೆ. ಒಂದು ಕ್ಯಾಮೆರಾದ ಚಿತ್ರವನ್ನು ಎಷ್ಟು ಪರದೆಗಾದರೂ ಕಳಿಸಬಹುದು. ಆದರೆ ಒಂದು ಪರದೆಗೆ ಏಕಕಾಲಕ್ಕೆ ಒಂದೇ ಕ್ಯಾಮೆರಾ. ಒಬ್ಬರು ಹೇಳುವ ಪಾಠವನ್ನು ನಲವತ್ತು ಮಕ್ಕಳು ಕೇಳಬಹುದು, ಇಬ್ಬರು ಟೀಚರ್ ಒಟ್ಟಿಗೆ ಮಾತಾಡಿದರೆ ಯಾರಿಗೂ ಏನೂ ತಿಳಿಯುವುದಿಲ್ಲ, ಅಲ್ಲವೇ?

ಈ ಪೆಟ್ಟಿಗೆಯೊಳಗೆ ಒಂದು ಪುಟ್ಟ ಕಂಪ್ಯೂಟರ್ ಅಡಗಿರುತ್ತದೆ. ಹೀಗೆ ಯಂತ್ರದೊಳಗೇ ಕೂತು ಆ ಯಂತ್ರದ ಕೆಲಸವೊಂದನ್ನೇ ನೋಡಿಕೊಳ್ಳುವ ಕಂಪ್ಯೂಟರಿಗೆ ಎಂಬೆಡೆಡ್ ವ್ಯವಸ್ಥೆ ಅಂತ ಹೆಸರು. ಬಟ್ಟೆ ಒಗೆಯುವ ಯಂತ್ರದಲ್ಲಿ, ಲಿಫ್ಟಿನಲ್ಲಿ, ಮತಯಂತ್ರದಲ್ಲಿ ಇರುವಂಥದ್ದೇ. ಗುಂಡಿ ಒತ್ತಿದ್ದನ್ನು ಗಮನಿಸುವುದು, ಯಾವ ಸ್ವಿಚ್ಚು ಹಾಕಬೇಕೆಂದು ಚಿಪ್ಪಿಗೆ ಹೇಳುವುದು ಅದರ ಕೆಲಸ.

ಎಂಟು ಬೈಟ್ ಮತ್ತು ಚದುರಂಗದ ಅಕ್ಕಿ

ಈಗ ಸಾಫ್ಟ್‌ವೇರ್ ಹೇಗೆ ಬರೆಯೋದು? ಹೊಸಬರಿಗೆ ಮೊದಲು ಹೊಳೆಯುವ ದಾರಿ ಇದು: "ಒಂದನೇ ಗುಂಡಿ ಒತ್ತಿದರೆ ಹೀಗೆ ಮಾಡು, ಎರಡನೇ ಗುಂಡಿ ಒತ್ತಿದರೆ ಹಾಗೆ ಮಾಡು." ಪ್ರತಿ ಜೋಡಣೆಗೂ ಪ್ರೋಗ್ರಾಂನಲ್ಲಿ ಒಂದೊಂದು ಸಾಲು.

ಲೆಕ್ಕ ಹಾಕೋಣ. 4 ಪರದೆ, ಪ್ರತಿಯೊಂದಕ್ಕೂ 4 ಆಯ್ಕೆ. ಒಟ್ಟು ಜೋಡಣೆ 4 × 4 × 4 × 4 = 256. ಹೇಗೋ ಬರೆದೇವು ಅನ್ನೋಣ. 16 ಕ್ಯಾಮೆರಾ, 16 ಪರದೆ ಆದರೆ? 16ನ್ನು 16 ಸಲ ಗುಣಿಸಬೇಕು. ಬರುವ ಸಂಖ್ಯೆ 1,84,46,74,40,73,70,95,51,616. ಚದುರಂಗದ ಮನೆಗಳಲ್ಲಿ ಒಂದಕ್ಕೆ ಎರಡರಂತೆ ಅಕ್ಕಿಕಾಳು ಇಡುತ್ತಾ ಹೋದ ಕತೆ ಕೇಳಿದ್ದೀರಲ್ಲ? 64 ಮನೆ ತುಂಬುವಾಗ ಬೇಕಾಗುವ ಒಟ್ಟು ಕಾಳಿಗಿಂತ ಇದು ಸರಿಯಾಗಿ ಒಂದು ಹೆಚ್ಚು! ಇಷ್ಟು ಸಾಲು ಬರೆಯಲು ಯಾರ ಆಯುಷ್ಯವೂ ಸಾಲದು.

ಚಿಕ್ಕಪ್ಪನ ದಾರಿ ಬೇರೆ. ವಿನ್ಯಾಸವನ್ನು ಮಗ್ಗದಲ್ಲಿ ಕೆತ್ತಬೇಡ, ಕಾರ್ಡಿನಲ್ಲಿ ಇಡು. ಸಾಫ್ಟ್‌ವೇರಿನಲ್ಲಿ ಆ ಕಾರ್ಡು ಅಂದರೆ ಒಂದು ಕೋಷ್ಟಕ:

ಪರದೆ 1 ಕ್ಕೆ ಕ್ಯಾಮೆರಾ 3
ಪರದೆ 2 ಕ್ಕೆ ಕ್ಯಾಮೆರಾ 1
ಪರದೆ 3 ಕ್ಕೆ ಕ್ಯಾಮೆರಾ 1
ಪರದೆ 4 ಕ್ಕೆ ಕ್ಯಾಮೆರಾ 4

ನೆನಪಿಡಬೇಕಾದ್ದು 3, 1, 1, 4 ಎಂಬ ನಾಲ್ಕೇ ಅಂಕಿ. 16 ಪರದೆ ಇದ್ದರೆ 16 ಅಂಕಿ. ಹದಿನಾರರಲ್ಲಿ ಒಂದನ್ನು ಹೇಳಲು 4 ಬಿಟ್ ಸಾಕು. ಅಂದರೆ 16 × 4 = 64 ಬಿಟ್, ಬರೀ 8 ಬೈಟ್. ಅಷ್ಟು ಕೋಟಿಕೋಟಿ ಜೋಡಣೆಗಳಲ್ಲಿ ಯಾವುದನ್ನಾದರೂ ಎಂಟು ಬೈಟಿನಲ್ಲಿ ಬರೆದಿಡಬಹುದು. ಪ್ರೋಗ್ರಾಂ ಮಾಡಬೇಕಾದ್ದು ಒಂದೇ ಕೆಲಸ: ಕೋಷ್ಟಕ ಓದು, ಅದರಂತೆ ಸ್ವಿಚ್ಚು ಹಾಕು. ಜೋಡಣೆ ಬದಲಾದರೆ ಕೋಷ್ಟಕ ಬದಲಾಗುತ್ತದೆ, ಪ್ರೋಗ್ರಾಂ ಬದಲಾಗುವುದಿಲ್ಲ.

ಒಂದು ವಿಷಯ ಮಾತ್ರ ಗಮನಿಸಿ. ಕೋಷ್ಟಕವನ್ನು "ಪ್ರತಿ ಪರದೆಗೆ ಒಂದು ಅಂಕಿ" ಎಂದು ಬರೆದಿದ್ದರಿಂದ, ಒಂದು ಪರದೆಗೆ ಎರಡು ಕ್ಯಾಮೆರಾ ಕೊಡುವ ತಪ್ಪು ಮಾಡಲು ಅಲ್ಲಿ ಜಾಗವೇ ಇಲ್ಲ. "ಪ್ರತಿ ಕ್ಯಾಮೆರಾಗೆ ಯಾವ ಪರದೆಗಳು" ಎಂದು ಬರೆದಿದ್ದರೆ ಆ ತಪ್ಪು ಸುಲಭವಾಗಿ ನುಸುಳುತ್ತಿತ್ತು. ಒಳ್ಳೆಯ ಕೋಷ್ಟಕ ತಪ್ಪನ್ನು ಹುಡುಕುವ ಕೆಲಸವನ್ನೇ ಉಳಿಸುತ್ತದೆ.

ದಾರಿ ತೋರಿಸುವವನು, ಹೊರುವವನಲ್ಲ

ಇದೇ ವಿಚಾರ ನಮ್ಮ ಕರ್ನಾಟಕದ ಒಂದು ಊರಿನ ಚರಿತ್ರೆಯಲ್ಲೂ ಇದೆ. 1984ರಲ್ಲಿ ಆರಂಭವಾದ ಸಿ-ಡಾಟ್ ಸಂಸ್ಥೆ ಹಳ್ಳಿಗಳಿಗೆಂದೇ ಒಂದು ಚಿಕ್ಕ ಟೆಲಿಫೋನ್ ಎಕ್ಸ್‌ಚೇಂಜ್ ರೂಪಿಸಿತು. 128 ಪೋರ್ಟುಗಳದು. ಹವಾನಿಯಂತ್ರಣ ಇಲ್ಲದೆ, ನಮ್ಮ ಬಿಸಿಲು ಧೂಳಿನಲ್ಲೂ ನಡೆಯಬೇಕೆಂಬುದು ಅದರ ಉದ್ದೇಶ. ಅಂಥ ಮೊದಲ ಎಕ್ಸ್‌ಚೇಂಜ್ ಶುರುವಾದದ್ದು 1986ರಲ್ಲಿ, ರಾಣಿ ಚೆನ್ನಮ್ಮನ ಕಿತ್ತೂರಿನಲ್ಲಿ. ಅಲ್ಲಿ ನೀವು ನಂಬರು ತಿರುಗಿಸಿದಾಗ ನಡೆಯುತ್ತಿದ್ದುದು ಏನು? "ಈ ಮನೆಯ ಮಾತು ಆ ಮನೆಗೆ" ಅಂತ ಎಕ್ಸ್‌ಚೇಂಜಿನ ನೆನಪಿನಲ್ಲಿ ಒಂದು ನಮೂದು. ಫೋನ್ ಇಟ್ಟಾಗ ಆ ನಮೂದು ಅಳಿಸಿಹೋಗುತ್ತದೆ. ಅದೂ ಒಂದು ಕೋಷ್ಟಕವೇ.

ಆದರೆ ಮಾತಿಗೂ ಚಿತ್ರಕ್ಕೂ ಬಹಳ ಅಂತರ. ಡಿಜಿಟಲ್ ಫೋನಿನಲ್ಲಿ ಧ್ವನಿಯನ್ನು ಸೆಕೆಂಡಿಗೆ 8,000 ಸಲ ಅಳೆದು, ಪ್ರತಿ ಅಳತೆಗೆ 8 ಬಿಟ್ ಬರೆಯುತ್ತಾರೆ. ಒಟ್ಟು 64,000 ಬಿಟ್. ಸ್ಟುಡಿಯೋಗಳಲ್ಲಿ ಬಳಸುವ ಹೈ-ಡೆಫಿನಿಷನ್ ಚಿತ್ರದ ತಂತಿಯಲ್ಲಿ ಸೆಕೆಂಡಿಗೆ 148 ಕೋಟಿ 50 ಲಕ್ಷ ಬಿಟ್ ಹರಿಯುತ್ತದೆ. ಭಾಗಿಸಿ ನೋಡಿ, 23 ಸಾವಿರ ಪಟ್ಟಿಗೂ ಹೆಚ್ಚು!

ಇಷ್ಟನ್ನು ಆ ಪುಟ್ಟ ಕಂಪ್ಯೂಟರ್ ಹೊರಲಾರದು, ಹೊರಬೇಕಾಗಿಯೂ ಇಲ್ಲ. ನಾಲ್ಕು ರಸ್ತೆ ಕೂಡುವಲ್ಲಿ ನಿಂತ ಟ್ರಾಫಿಕ್ ಪೊಲೀಸರು ಬಸ್ಸನ್ನು ಎಳೆಯುತ್ತಾರೆಯೇ? ಕೈ ತೋರಿಸುತ್ತಾರೆ, ಬಸ್ಸು ತಾನೇ ಹೋಗುತ್ತದೆ. ಚಿತ್ರ ಚಿಪ್ಪಿನೊಳಗೆ ನೇರವಾಗಿ ಹರಿಯುತ್ತದೆ. ಕಂಪ್ಯೂಟರ್ ಎಂಟು ಬೈಟಿನ ಅಪ್ಪಣೆ ಮಾತ್ರ ಕೊಡುತ್ತದೆ. ಅದಕ್ಕೇ ಕಡಿಮೆ ಬೆಲೆಯ ನಿಧಾನದ ಕಂಪ್ಯೂಟರ್ ಕೂಡ ಈ ಕೆಲಸಕ್ಕೆ ಸಾಲುತ್ತದೆ.

ಎಲ್ಲ ಒಟ್ಟಿಗೆ, ಸರಿಯಾದ ಹೊತ್ತಿಗೆ

ನಾಲ್ಕು ಪರದೆಯ ಚಿತ್ರ ಒಟ್ಟಿಗೆ ಬದಲಾಗಬೇಕು ಅಂದುಕೊಳ್ಳಿ. ಒಂದೊಂದಾಗಿ ಬದಲಿಸಿದರೆ ನಡುವೆ ಒಂದು ಗಳಿಗೆ ಅರ್ಧ ಹಳೆಯದು, ಅರ್ಧ ಹೊಸದು. ಮಗ್ಗದಲ್ಲಿ ಹೀಗಾದರೆ ವಿನ್ಯಾಸ ಕೆಟ್ಟಂತೆ. ಜಕಾರ್ಡ್ ಏನು ಮಾಡುತ್ತದೆ? ಮೊದಲು ಕಾರ್ಡು ಸೂಜಿಗಳನ್ನೆಲ್ಲ ಸಿದ್ಧಗೊಳಿಸುತ್ತದೆ. ಆಗ ಒಂದು ಎಳೆಯೂ ಏಳುವುದಿಲ್ಲ. ಆಮೇಲೆ ಪಟ್ಟಿ ಎದ್ದಾಗ ಎಲ್ಲ ಒಟ್ಟಿಗೆ.

ಅನೇಕ ಸ್ವಿಚ್ ಚಿಪ್ಪುಗಳಲ್ಲೂ ಹಾಗೇ ಎರಡು ಸಾಲು ನೆನಪು ಇರುತ್ತದೆ. ಮೊದಲ ಸಾಲಿನಲ್ಲಿ ಹೊಸ ಕೋಷ್ಟಕವನ್ನು ನಿಧಾನವಾಗಿ ಬರೆದುಕೊಳ್ಳಬಹುದು, ಪರದೆಯ ಮೇಲೆ ಏನೂ ಬದಲಾಗದು. ಬಳಿಕ ಒಂದು ಸಂಕೇತ ಕೊಟ್ಟರೆ ಇಡೀ ಸಾಲು ಒಂದೇ ಏಟಿಗೆ ಎರಡನೇ ಸಾಲಿಗೆ ಇಳಿಯುತ್ತದೆ.

ಆ ಏಟು ಯಾವಾಗ ಬೀಳಬೇಕು? ಚಿತ್ರ ಸಾಲುಸಾಲಾಗಿ ಬರುತ್ತದೆ. ಹೈ-ಡೆಫಿನಿಷನ್‌ನ ಒಂದು ಬಗೆಯಲ್ಲಿ ಸೆಕೆಂಡಿಗೆ 25 ಚಿತ್ರ, ಪ್ರತಿ ಚಿತ್ರಕ್ಕೆ 1125 ಸಾಲು. ಅದರಲ್ಲಿ ಪರದೆಯ ಮೇಲೆ ಕಾಣುವುದು 1080. ಉಳಿದ 45 ಸಾಲುಗಳಲ್ಲಿ ಚಿತ್ರವಿಲ್ಲ. ಒಂದು ಚಿತ್ರ ಮುಗಿದು ಇನ್ನೊಂದು ಶುರುವಾಗುವ ನಡುವಿನ ಬಿಡುವು ಅದು. ಒಂದು ಚಿತ್ರಕ್ಕೆ 40 ಮಿಲಿಸೆಕೆಂಡು ಆದ್ದರಿಂದ ಈ ಬಿಡುವು 1.6 ಮಿಲಿಸೆಕೆಂಡು. ಸ್ವಿಚ್ಚು ಬದಲಾಗಬೇಕಾದ್ದು ಇಲ್ಲಿ, 7ನೇ ಸಾಲಿನಲ್ಲಿ ಎಂದು ಗೊತ್ತುಮಾಡಿದ್ದಾರೆ. ಬಿಡುವಿನಲ್ಲಿ ಬದಲಾದರೆ ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಲಾಳಿ ಹಾಯುವಾಗ ಎಳೆ ಅಲುಗಿಸಬಾರದು, ಅದು ದಡ ಮುಟ್ಟಿದ ಮೇಲೆಯೇ ಬದಲಿಸಬೇಕು, ಅಷ್ಟೇ ಸಂಗತಿ.

ಇಲ್ಲೊಂದು ತೊಡಕು. ಮೊದಲ ಕ್ಯಾಮೆರಾ 7ನೇ ಸಾಲಿನಲ್ಲಿರುವಾಗ ಎರಡನೆಯದು 600ನೇ ಸಾಲಿನಲ್ಲಿದ್ದರೆ? ಬದಲಾಯಿಸಿದ ಕೂಡಲೇ ಚಿತ್ರ ಹರಿದಂತೆ ಕಾಣುತ್ತದೆ. ಅದಕ್ಕೇ ಸ್ಟುಡಿಯೋಗಳಲ್ಲಿ ಎಲ್ಲ ಕ್ಯಾಮೆರಾಗಳಿಗೂ ಒಂದೇ ತಾಳ ಕೊಡುತ್ತಾರೆ. ಕೋಲಾಟದಲ್ಲಿ ಎಲ್ಲರೂ ಒಂದೇ ತಾಳಕ್ಕೆ ಕೋಲು ಹೊಡೆದ ಹಾಗೆ, ಎಲ್ಲ ಕ್ಯಾಮೆರಾಗಳೂ ಒಟ್ಟಿಗೇ ಚಿತ್ರ ಶುರು ಮಾಡುತ್ತವೆ.

ನಮ್ಮ ಮಳೆ ಎಲ್ಲಿಗೆ ಹೋಯ್ತು?

ಇಷ್ಟು ಕೇಳಿದ ಮೇಲೆ ವಾರ್ಷಿಕೋತ್ಸವದ ಕತೆ ತಮ್ಮನಿಗೆ ಹೇಳಿದೆ. ಅವನಿಗೆ ತಕ್ಷಣ ಹೊಳೆಯಿತು.

ಎಚ್‌ಡಿಎಂಐ ತಂತಿಯಲ್ಲಿ ಚಿತ್ರ ಮುಂದಕ್ಕೆ ಹೋಗುವುದಷ್ಟೇ ಅಲ್ಲ, ಪರದೆಯ ಪರಿಚಯ ಹಿಂದಕ್ಕೂ ಬರುತ್ತದೆ. "ನಾನು ಇಂಥ ಪ್ರೊಜೆಕ್ಟರ್, ಇಷ್ಟು ಅಗಲ, ಇಷ್ಟು ಎತ್ತರದ ಚಿತ್ರ ತೋರಿಸಬಲ್ಲೆ" ಎಂಬ ಒಂದು ಪರಿಚಯಪತ್ರ. ಅದಕ್ಕೆ ಇಡಿಐಡಿ ಎಂದು ಹೆಸರು, ಅದರ ಮೊದಲ ಭಾಗ 128 ಬೈಟ್. ಲ್ಯಾಪ್‌ಟಾಪ್ ಇದನ್ನು ಓದಿ, ಅದಕ್ಕೆ ತಕ್ಕ ಅಳತೆಯ ಚಿತ್ರ ಕಳಿಸುತ್ತದೆ.

ನಮ್ಮ ಅಗ್ಗದ ಪೆಟ್ಟಿಗೆ ಏನು ಮಾಡುತ್ತಿದ್ದಿರಬೇಕು? ಕ್ಯಾಮೆರಾ ತೋರಿಸುವಾಗ ಲ್ಯಾಪ್‌ಟಾಪಿನ ಸಂಬಂಧ ಪೂರ್ತಿ ಕಡಿದುಹಾಕುತ್ತಿತ್ತು. ಲ್ಯಾಪ್‌ಟಾಪ್ "ಪರದೆಯೇ ಇಲ್ಲ" ಅಂದುಕೊಂಡು ಸುಮ್ಮನಾಗಿತ್ತು. ಗುಂಡಿ ಒತ್ತಿದಾಗ ಪರಿಚಯ ಮತ್ತೆ ಮೊದಲಿಂದ ಶುರು. ಪ್ರೊಜೆಕ್ಟರ್ ಕೂಡ ಹೊಸ ಅಳತೆಗೆ ಹೊಂದಿಕೊಳ್ಳಬೇಕು. ಆ ಮೂರು ಸೆಕೆಂಡು ಹೋದದ್ದು ಹೀಗೆ. ಕ್ಯಾಮೆರಾದ ಅಳತೆ ಬೇರೆ, ಲ್ಯಾಪ್‌ಟಾಪಿನದು ಬೇರೆ ಆದ್ದರಿಂದ ಅಂಚೂ ಕತ್ತರಿಸಿಹೋಯಿತು.

"ಸರಿಯಾಗಿ ಬರೆದ ಸಾಫ್ಟ್‌ವೇರ್ ಪ್ರೊಜೆಕ್ಟರಿನ ಪರಿಚಯಪತ್ರದ ನಕಲು ಇಟ್ಕೊಳ್ಳುತ್ತೆ ಅಕ್ಕ. ಅದನ್ನು ಎಲ್ಲ ಕ್ಯಾಮೆರಾ, ಲ್ಯಾಪ್‌ಟಾಪಿಗೂ ಯಾವಾಗಲೂ ತೋರಿಸ್ತಾ ಇರುತ್ತೆ. ಎಲ್ಲರೂ ಒಂದೇ ಅಳತೆಯ ಚಿತ್ರ ಕಳಿಸ್ತಾ ಸಿದ್ಧವಾಗಿ ಕಾಯ್ತಾ ಇರ್ತಾರೆ. ಗುಂಡಿ ಒತ್ತಿದಾಗ ಹೊಸ ಪರಿಚಯ ಬೇಕಾಗೋದೇ ಇಲ್ಲ."

ಮಳೆ ಎಲ್ಲಿಗೂ ಹೋಗಿರಲಿಲ್ಲ ಮಕ್ಕಳೇ. ಬಾಗಿಲ ಹೊರಗೆ ಹೆಸರು ಹೇಳುತ್ತಾ ನಿಂತಿತ್ತು.

ಯಾರು, ಏನನ್ನು, ಎಲ್ಲಿ ನೋಡಬಹುದು?

ನಮ್ಮ ಪಜೀತಿ ನಗುವಿನಲ್ಲಿ ಮುಗಿಯಿತು. ಎಲ್ಲ ಕಡೆ ಹಾಗಲ್ಲ. ಕೊಯಮತ್ತೂರು ದೊಡ್ಡ ಆಸ್ಪತ್ರೆಗಳ ಊರು. ಇಂದಿನ ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ವೈದ್ಯರು ಅನೇಕ ಸಲ ರೋಗಿಯ ದೇಹದೊಳಗೆ ಇಳಿಸಿದ ಪುಟ್ಟ ಕ್ಯಾಮೆರಾದ ಚಿತ್ರವನ್ನು ಪರದೆಯ ಮೇಲೆ ನೋಡುತ್ತಾ ಕೆಲಸ ಮಾಡುತ್ತಾರೆ. ಅವರ ಕಣ್ಣು ಆ ಪರದೆಯೇ. ಅದೇ ಚಿತ್ರವನ್ನು ಪಕ್ಕದ ಸಭಾಂಗಣದಲ್ಲಿ ಕೂತ ವೈದ್ಯಕೀಯ ವಿದ್ಯಾರ್ಥಿಗಳಿಗೂ ತೋರಿಸಬೇಕಾಗಬಹುದು. ಸಭಾಂಗಣದಲ್ಲಿ ಯಾರೋ ಗುಂಡಿ ಒತ್ತಿ ವೈದ್ಯರ ಪರದೆಗೆ ಪಾಠದ ಸ್ಲೈಡ್ ಕಳಿಸಿಬಿಟ್ಟರೆ? ರೋಗಿಯ ಒಪ್ಪಿಗೆಯಿಲ್ಲದ ಚಿತ್ರ ಹೊರಗಿನ ಪರದೆಗೆ ಹೋದರೆ?

ಆದ್ದರಿಂದ ದಾರಿಯ ಕೋಷ್ಟಕದ ಪಕ್ಕದಲ್ಲಿ ನಿಯಮಗಳ ಕೋಷ್ಟಕವೊಂದು ಬೇಕು. "ವೈದ್ಯರ ಮುಖ್ಯ ಪರದೆಯನ್ನು ಶಸ್ತ್ರಚಿಕಿತ್ಸಾ ಕೊಠಡಿಯ ಗುಂಡಿಯಿಂದ ಮಾತ್ರ ಬದಲಿಸಬಹುದು." "ದೇಹದೊಳಗಿನ ಚಿತ್ರ ಸಭಾಂಗಣಕ್ಕೆ ಹೋಗಬೇಕಾದರೆ ಕೊಠಡಿಯ ಒಳಗಿಂದ ಅನುಮತಿ ಇರಬೇಕು." ಬದಲಾವಣೆಯ ಬೇಡಿಕೆ ಬಂದಾಗ ಮೊದಲು ಎಲ್ಲ ನಿಯಮ ನೋಡು. ಒಂದು ನಿಯಮ ತಪ್ಪಿದರೂ ಇಡೀ ಬೇಡಿಕೆ ಬೇಡ. ಅರ್ಧ ಮಾಡಿ ಅರ್ಧ ಬಿಡುವ ಹಾಗಿಲ್ಲ. "ಆಗಲ್ಲ" ಅಂತಷ್ಟೇ ಅಲ್ಲ, ಯಾಕೆ ಆಗಲ್ಲ ಅಂತಲೂ ಗುಂಡಿ ಒತ್ತಿದವರಿಗೆ ತಿಳಿಸಬೇಕು.

ಬಗ್ಗುವ ಸಾಫ್ಟ್‌ವೇರ್ ಅಂದರೆ ಏನು ಬೇಕಾದರೂ ಮಾಡಿಕೊಳ್ಳಿ ಅಂತಲ್ಲ. ಯಾವುದು ಬಗ್ಗಬೇಕು, ಯಾವುದು ಬಗ್ಗಬಾರದು ಅನ್ನುವುದನ್ನು ಆಸ್ಪತ್ರೆಯವರೇ ಕೋಷ್ಟಕದಲ್ಲಿ ಬರೆದುಕೊಳ್ಳಲು ಅನುಕೂಲ ಮಾಡಿಕೊಡುವುದು.

ಎರಡು ಕಟ್ಟಡ, ಎರಡೇ ತಂತಿ

ಪೆಟ್ಟಿಗೆ ದೊಡ್ಡದಾದಷ್ಟೂ ಸ್ವಿಚ್ಚುಗಳ ಸಂಖ್ಯೆ ವರ್ಗದಂತೆ ಏರುತ್ತದೆ. 4 × 4 ಕ್ಕೆ 16, 16 × 16 ಕ್ಕೆ 256, 1000 × 1000 ಕ್ಕೆ 10 ಲಕ್ಷ. 1953ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಚಾರ್ಲ್ಸ್ ಕ್ಲಾಸ್, ಚಿಕ್ಕಚಿಕ್ಕ ಸ್ವಿಚ್ ಜಾಲಗಳನ್ನು ಮೂರು ಹಂತದಲ್ಲಿ ಜೋಡಿಸಿ ಬಹಳ ಕಡಿಮೆ ಸ್ವಿಚ್ಚುಗಳಲ್ಲಿ ಅದೇ ಕೆಲಸ ಮಾಡಬಹುದೆಂದು ಗಣಿತದಿಂದ ತೋರಿಸಿದರು. ಆದರೆ ಆಗ ಸಾಫ್ಟ್‌ವೇರಿಗೆ ಹೊಸ ಕೆಲಸ ಬರುತ್ತದೆ. ಸ್ವಿಚ್ಚು ಹಾಕುವುದಕ್ಕೆ ಮೊದಲು ದಾರಿ ಹುಡುಕಬೇಕು.

ಒಂದು ಚಿಕ್ಕ ಉದಾಹರಣೆ. ಹಳೆ ಕಟ್ಟಡದಲ್ಲಿ ನಾಲ್ಕು ಕ್ಯಾಮೆರಾ, ಹೊಸ ಕಟ್ಟಡದಲ್ಲಿ ಮೂರು ಪರದೆ. ನಡುವೆ ಎರಡೇ ತಂತಿ. ಪರದೆ 1 ಕ್ಕೆ ಕ್ಯಾಮೆರಾ 1 ಬೇಕು, ಮೊದಲ ತಂತಿ ಕೊಟ್ಟೆವು. ಪರದೆ 2 ಕ್ಕೆ ಕ್ಯಾಮೆರಾ 2, ಎರಡನೇ ತಂತಿ ಹೋಯಿತು. ಈಗ ಪರದೆ 3 ಕ್ಕೂ ಕ್ಯಾಮೆರಾ 2 ಬೇಕಂತೆ. ತಂತಿ ಖಾಲಿ ಇಲ್ಲ ಅಂತ ಹೇಳಬೇಕೇ? ಬೇಡ. ಕ್ಯಾಮೆರಾ 2 ಆಗಲೇ ಎರಡನೇ ತಂತಿಯಲ್ಲಿ ಬರುತ್ತಿದೆ, ಅದನ್ನೇ ಹಂಚಿಕೊಳ್ಳಬಹುದು. ಹಾಗಾಗಿ ಪ್ರತಿ ತಂತಿಯನ್ನು ಈಗ ಎಷ್ಟು ಪರದೆ ಬಳಸುತ್ತಿವೆ ಎಂಬ ಲೆಕ್ಕ ಇಡಬೇಕು. ಕೊನೆಯ ಪರದೆ ಬಿಟ್ಟಾಗ ಮಾತ್ರ ತಂತಿ ಖಾಲಿ.

ಈಗ ಪರದೆ 1 ತನಗೆ ಕ್ಯಾಮೆರಾ 3 ಬೇಕು ಅನ್ನುತ್ತದೆ. ಎರಡೂ ತಂತಿ ತುಂಬಿವೆ. ಅವಸರದಲ್ಲಿ ಬರೆದ ಪ್ರೋಗ್ರಾಂ "ಆಗಲ್ಲ" ಅನ್ನುತ್ತದೆ. ನೀವೇನನ್ನುತ್ತೀರಿ? ಸ್ವಲ್ಪ ಯೋಚಿಸಿ ಮುಂದೆ ಓದಿ.

ಆಗುತ್ತದೆ! ಮೊದಲ ತಂತಿಯನ್ನು ಬಳಸುತ್ತಿರುವುದು ಪರದೆ 1 ಒಂದೇ. ಅದು ಕ್ಯಾಮೆರಾ 1 ನ್ನು ಬಿಟ್ಟ ಕೂಡಲೇ ಆ ತಂತಿ ಅದಕ್ಕೇ ಸಿಗುತ್ತದೆ. ಈಗಿನ ಸ್ಥಿತಿಯನ್ನು ನೋಡಿದರೆ ಸಾಲದು, ಬದಲಾವಣೆ ಮುಗಿದ ಮೇಲಿನ ಸ್ಥಿತಿಯನ್ನು ಮನಸ್ಸಿನಲ್ಲೇ ಹಾಕಿ ನೋಡಬೇಕು. ಲಾಳಿ ಎಸೆಯುವ ಮೊದಲು ನೇಕಾರನ ಕಣ್ಣು ಮುಂದಿನ ಎಳೆಯ ಮೇಲೆ ಇರುವ ಹಾಗೆ.

ಕರೆಂಟು ಹೋದರೆ?

2009ರಲ್ಲಿ ಕೊಯಮತ್ತೂರು ಮತ್ತು ಈರೋಡು ಜಿಲ್ಲೆಗಳ ಭಾಗಗಳನ್ನು ಸೇರಿಸಿ ತಿರುಪ್ಪೂರು ಜಿಲ್ಲೆ ಮಾಡಿದರು. ನೊಯ್ಯಲ್ ನದಿಯ ದಡದ ಈ ಊರಿನ ಬನಿಯನ್, ಟೀ ಶರ್ಟು ದೇಶವಿದೇಶಕ್ಕೆ ಹೋಗುತ್ತವೆ. 2012ರ ಸುಮಾರಿಗೆ ತಮಿಳುನಾಡಿನಲ್ಲಿ ಗಂಟೆಗಟ್ಟಲೆ ಕರೆಂಟು ಹೋಗುತ್ತಿದ್ದ ಕಾಲದಲ್ಲಿ ಇಲ್ಲಿನ ಕಾರ್ಖಾನೆಗಳು, ವಿದ್ಯುತ್ ಮಗ್ಗಗಳು ಬಹಳ ಕಷ್ಟಪಟ್ಟವು. ಚಿಕ್ಕಪ್ಪನ ಕೈಮಗ್ಗಕ್ಕೆ ಆ ಚಿಂತೆ ಇರಲಿಲ್ಲ. ನಿಲ್ಲಿಸಿದ ಕಾರ್ಡು ನಿಲ್ಲಿಸಿದಲ್ಲೇ. ರಟ್ಟಿನ ತೂತಿಗೆ ಕರೆಂಟು ಬೇಡ.

ಸ್ವಿಚ್ ಪೆಟ್ಟಿಗೆಯೂ ಕರೆಂಟು ಬಂದ ಮೇಲೆ ನಿಂತಲ್ಲಿಂದಲೇ ಮುಂದುವರಿಯಬೇಕು. ಅದಕ್ಕಾಗಿ ಕೋಷ್ಟಕವನ್ನು ಕರೆಂಟು ಹೋದರೂ ಅಳಿಯದ ನೆನಪಿನಲ್ಲಿ ಬರೆದಿಡುತ್ತಾರೆ. ಆದರೆ ಬರೆಯುತ್ತಿರುವಾಗಲೇ ಕರೆಂಟು ಹೋದರೆ? ಅರ್ಧ ಹೊಸದು, ಅರ್ಧ ಹಾಳು.

ಉಪಾಯ ಇದು. ಎರಡು ಪ್ರತಿ ಇಟ್ಟುಕೊಳ್ಳಿ, ಒಂದೊಂದಕ್ಕೂ ಕ್ರಮಸಂಖ್ಯೆ ಕೊಡಿ. ಒಂದು ಪ್ರತಿ 41, ಇನ್ನೊಂದು 42 ಆಗಿದ್ದರೆ, ಹೊಸದನ್ನು 41ರ ಮೇಲೆ 43 ಎಂದು ಬರೆಯಿರಿ. 42ನ್ನು ಮುಟ್ಟಬೇಡಿ. ಜೊತೆಗೆ ಅಂಕಿಗಳ ಮೊತ್ತವನ್ನೂ ಬರೆಯಿರಿ. ನಮ್ಮ 3, 1, 1, 4 ರ ಮೊತ್ತ 9. ಕರೆಂಟು ಬಂದಾಗ ಓದಿದರೆ 3, 1, 0, 0, ಮೊತ್ತದ ಜಾಗದಲ್ಲಿ 9 ಇದೆ ಅನ್ನಿ. ಕೂಡಿದರೆ 4 ಮಾತ್ರ. ಇದು ಹಾಳಾದ ಪ್ರತಿ ಅಂತ ಗೊತ್ತಾಯಿತು, ಇನ್ನೊಂದನ್ನು ತೆಗೆದುಕೊಳ್ಳಿ. ನಿಜವಾದ ಯಂತ್ರಗಳಲ್ಲಿ ಬರೀ ಮೊತ್ತಕ್ಕಿಂತ ಜಾಣ ಲೆಕ್ಕ ಬಳಸುತ್ತಾರೆ, ತತ್ವ ಇದೇ.

ಇನ್ನೊಂದು ಎಚ್ಚರ. ಕೆಲವು ಸಲ ಕರೆಂಟು ಇದ್ದೂ ಪುಟ್ಟ ಕಂಪ್ಯೂಟರ್ ಮಾತ್ರ ತಡವರಿಸಿ ಮತ್ತೆ ಶುರುವಾಗಬಹುದು. ಆಗ ಸ್ವಿಚ್ ಚಿಪ್ಪು ತನ್ನ ಪಾಡಿಗೆ ಚಿತ್ರ ಕಳಿಸುತ್ತಲೇ ಇರುತ್ತದೆ. ಎದ್ದ ಕೂಡಲೇ "ಎಲ್ಲ ಅಳಿಸಿ ಹೊಸದಾಗಿ ಶುರು ಮಾಡೋಣ" ಎನ್ನುವ ಪ್ರೋಗ್ರಾಂ ವೈದ್ಯರ ಪರದೆಯನ್ನು ಕಪ್ಪು ಮಾಡುತ್ತದೆ. ಒಳ್ಳೆಯ ಪ್ರೋಗ್ರಾಂ ಮೊದಲು ಈಗ ಏನು ನಡೆಯುತ್ತಿದೆ ಅಂತ ನೋಡುತ್ತದೆ, ಕೋಷ್ಟಕಕ್ಕೂ ಅದಕ್ಕೂ ವ್ಯತ್ಯಾಸ ಇದ್ದಲ್ಲಿ ಮಾತ್ರ ಕೈ ಹಾಕುತ್ತದೆ.

ಮಾಡಿ ನೋಡಿ

1. ಗೆರೆ ಹಾಳೆಯಲ್ಲಿ 4 × 4 ಜಾಲ ಬರೆಯಿರಿ. ಗೆರೆ ಕೂಡುವ ಜಾಗಗಳಲ್ಲಿ ಹುಣಸೆಬೀಜ ಇಟ್ಟು 3, 1, 1, 4 ಕೋಷ್ಟಕವನ್ನು ತೋರಿಸಿ. ಪ್ರತಿ ಅಡ್ಡಸಾಲಿನಲ್ಲಿ ಎಷ್ಟು ಬೀಜ ಇವೆ? ಉದ್ದಸಾಲುಗಳಲ್ಲಿ? ಯಾಕೆ ಈ ವ್ಯತ್ಯಾಸ?

2. ಪರದೆಯನ್ನು ಖಾಲಿ ಬಿಡುವುದೂ ಒಂದು ಆಯ್ಕೆ ಎಂದಾದರೆ 4 ಕ್ಯಾಮೆರಾ, 4 ಪರದೆಗೆ ಒಟ್ಟು ಜೋಡಣೆ ಎಷ್ಟು? (ಸುಳಿವು: 256 ಅಲ್ಲ.)

3. ಎಂಟು ಜನ ಸೇರಿ ಆಡಿ. ನಾಲ್ವರು ಕ್ಯಾಮೆರಾ, ಮೂವರು ಪರದೆ, ಒಬ್ಬರು ಸಾಫ್ಟ್‌ವೇರ್. ನಡುವೆ ಎರಡೇ ಹಗ್ಗ. ಪರದೆಯವರು ಬೇಡಿಕೆ ಕೇಳುತ್ತಾ ಹೋಗಲಿ. ಸಾಫ್ಟ್‌ವೇರ್ ಆದವರು ಕೊಡಬೇಕು, ಇಲ್ಲವೇ ಯಾಕೆ ಆಗಲ್ಲ ಅಂತ ಹೇಳಬೇಕು. ಕೊಡಬಹುದಾದ ಬೇಡಿಕೆಗೆ "ಆಗಲ್ಲ" ಅಂದರೆ ಔಟ್!

4. 3, 1, 1, 4 ರ ಬದಲು ತಪ್ಪಾಗಿ 1, 3, 1, 4 ಎಂದು ಉಳಿದರೆ ಮೊತ್ತದ ಪರೀಕ್ಷೆ ಅದನ್ನು ಹಿಡಿಯುತ್ತದೆಯೇ? ಹಿಡಿಯದಿದ್ದರೆ, ಹಿಡಿಯುವಂಥ ಬೇರೆ ಲೆಕ್ಕವೊಂದನ್ನು ನೀವೇ ಹುಡುಕಿ.

ಊರಿಗೆ ಹೊರಡುವಾಗ ಚಿಕ್ಕಪ್ಪ ಹಳೆಯದೊಂದು ಜಕಾರ್ಡ್ ಕಾರ್ಡು ಕೊಟ್ಟರು. ಅಂಚು ಸವೆದಿದೆ, ತೂತುಗಳು ಮಾತ್ರ ಹಾಗೇ ಇವೆ. ಈಗ ಅದು ನಮ್ಮ ವಿಜ್ಞಾನ ಕೊಠಡಿಯ ಗೋಡೆಯ ಮೇಲಿದೆ. ಈ ವರ್ಷದ ವಾರ್ಷಿಕೋತ್ಸವಕ್ಕೆ ಒಂದು ವಾರ ಮೊದಲೇ ಪೆಟ್ಟಿಗೆ ತರಿಸಿ, ಕ್ಯಾಮೆರಾಗೂ ಲ್ಯಾಪ್‌ಟಾಪಿಗೂ ಒಂದೇ ಅಳತೆ ಇಟ್ಟು ನೋಡುವುದು ಅಂತ ಆ ಪ್ರಶ್ನೆ ಕೇಳಿದ ಹುಡುಗಿಯೇ ಪಟ್ಟಿ ಮಾಡಿದ್ದಾಳೆ. ಮಳೆ ಹೊತ್ತಿಗೆ ಸರಿಯಾಗಿ ಬರಬೇಕಲ್ಲ!